ಕಾದಂಬರಿಯಲ್ಲಿ ಸತ್ತ ತಂಗಿ

ಡಬ್ಲಿನ್ನಿನ ಪೋರ್ಟೊಬೆಲ್ಲೊ ಕಾಲುವೆಯ ಆಸುಪಾಸಿನಲ್ಲಿ ಅಂಗಿಯ ಎದೆಗೆ ಗಂಜಿ ಹಾಕಿ ಕನ್ನಡಿಯಂತೆ ಮಿರುಗಿಸುವುದರಲ್ಲಿ ಸಬೀನಾ ರುವೇನಳದು ಎತ್ತಿದ ಕೈ. ವಕೀಲರು, ಡಾಕ್ಟರರು, ನಾಳೆ ಮದುವೆಯಾಗಲಿರುವ ಗಂಡುಗಳು, ಎಲ್ಲರ ಅಂಗಿಗಳೂ ಅವಳ ಒಂದು ಕಿಟಕಿಯ ಅಂಗಡಿಗೆ ಬರುತ್ತಿದ್ದವು. ಅವಳಿಗೆ ಆಗ ನಲವತ್ತನಾಲ್ಕು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ, ಗಂಡಸರ ಅಂಗಿಗಳನ್ನು ಇಷ್ಟು ಹತ್ತಿರದಿಂದ ನೋಡಿದ ಮೇಲೆ ಅವುಗಳೊಳಗೆ ಇರುವವರ ಮೇಲೆ ಆಸೆ ಉಳಿಯುವುದಿಲ್ಲ ಎನ್ನುತ್ತಿದ್ದಳು.

ಆದರೂ ಟ್ರಾಮ್ ಕಂಡಕ್ಟರ್ ಲ್ಯೂಕ್ ಕಿಯೋ ಪ್ರತಿ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಅವಳ ಹಿಂದಿನ ಕೋಣೆಗೆ ಬಂದು, ಒಲೆಯ ಪಕ್ಕದಲ್ಲಿ ಕೂತು ಪತ್ರಿಕೆ ಓದಿ ಹೇಳುತ್ತಿದ್ದ. ಹೆಂಡತಿ ಸತ್ತು ಒಂಬತ್ತು ವರ್ಷವಾಗಿದ್ದ, ಮೆದು ದನಿಯ ಮನುಷ್ಯ. ಸಬೀನಾಗೆ ಓದು ಬರುತ್ತಿತ್ತು, ಆದರೆ ಒಂದು ಸಾಲು ದಾಟುವಷ್ಟರಲ್ಲಿ ಚಹಾ ಆರಿಹೋಗುತ್ತಿತ್ತು. ಅಂಗಡಿಯಲ್ಲಿ ಅವಳ ಜೊತೆ ಕೆಲಸಕ್ಕಿದ್ದ ವಿಧವೆ ಡಿಂಫ್ನಾ ಈ ಭಾನುವಾರದ ಓದಿನ ಬಗ್ಗೆ ಸೋಮವಾರವಿಡೀ ಏನಾದರೊಂದು ಅನ್ನುತ್ತಲೇ ಇರುತ್ತಿದ್ದಳು.

ಹೀಗಿರುವಾಗ ಯುಲಿಕ್ ಕಿರ್ವಾನ್ ಆ ಬೀದಿಗೆ ಬಂದು ಮನೆ ಮಾಡಿದ. ಐರ್ಲೆಂಡಿನ ಪಶ್ಚಿಮದ ಮೇಯೋ ಸೀಮೆಯ ಜಮೀನ್ದಾರರ ಮಗ. ಪ್ಯಾರಿಸ್ಸಿನಲ್ಲಿ ಚಿತ್ರಗಾರನಾಗಲು ಹತ್ತು ವರ್ಷ ಹೆಣಗಿ, ತನ್ನ ಕೈ ತನ್ನ ಮಾತು ಕೇಳುವುದಿಲ್ಲ ಎಂದು ಗೊತ್ತಾದ ಮೇಲೆ, ಬೇರೆಯವರ ಚಿತ್ರಗಳು ಯಾಕೆ ಸರಿಯಿಲ್ಲ ಎಂದು ಪತ್ರಿಕೆಗಳಲ್ಲಿ ಬರೆಯತೊಡಗಿದವನು. ಜೊತೆಗೆ ಕಾದಂಬರಿಗಳನ್ನೂ ಬರೆಯುತ್ತಿದ್ದ. ಅವುಗಳಲ್ಲಿ ರಾಜಕುಮಾರಿಯರಿರಲಿಲ್ಲ, ಬಾಡಿಗೆ ಕೋಣೆ, ಬಸಿರು, ಕುಡುಕ ಗಂಡ, ಹಳಸಿದ ಎಲೆಕೋಸಿನ ವಾಸನೆ ಇರುತ್ತಿದ್ದವು. ಇದ್ದದ್ದನ್ನು ಇದ್ದಂತೆ, ಕಣ್ಣಾರೆ ಕಂಡದ್ದನ್ನು ಮಾತ್ರ ಬರೆಯಬೇಕು ಎಂಬುದು ಅವನ ವ್ರತ. ಪಾದ್ರಿಗಳಿಗೆ ಅವನನ್ನು ಕಂಡರೆ ಆಗುತ್ತಿರಲಿಲ್ಲ. ಅವನ ಅಡುಗೆಯವರು ಒಂದು ತಿಂಗಳ ಮೇಲೆ ನಿಲ್ಲುತ್ತಿರಲಿಲ್ಲ.

ಒಂದು ಬೆಳಿಗ್ಗೆ ಆತ ಕೈಯಲ್ಲೊಂದು ಕಾಲರ್ ಹಿಡಿದುಕೊಂಡು ಅಂಗಡಿಗೆ ಬಂದ. ದೂರು ಹೇಳಲು ಬಂದನೆಂದು ಡಿಂಫ್ನಾ ಮೆಲ್ಲಗೆ ಹಿಂದೆ ಸರಿದಳು. ಆತ ಹೇಳಿದ್ದೇ ಬೇರೆ: ಪ್ಯಾರಿಸ್ ಬಿಟ್ಟ ಮೇಲೆ ಇಂಥ ಕಾಲರ್ ಕತ್ತಿಗೆ ಹಾಕಿಲ್ಲ, ತಾನು ಇಸ್ತ್ರಿ ಮಾಡುವವಳೊಬ್ಬಳ ಕಥೆ ಬರೆಯುತ್ತಿದ್ದೇನೆ, ದಿನಾ ಒಂದು ಗಂಟೆ ಆ ಮೂಲೆಯಲ್ಲಿ ಕೂತು ನೋಡಬಹುದೇ?

ಸಬೀನಾ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಗುಲಾಬಿ ಬಣ್ಣದ ಮುಖ, ಇಳಿಬಿದ್ದ ಭುಜ, ಕೆಲಸವನ್ನೇ ಕಾಣದ ಮಗುವಿನಂಥ ಕೈಗಳು. "ಕೂತ್ಕೊಳ್ಳಿ ಸಾರ್," ಎಂದಳು. "ಆದ್ರೆ ಒಲೆಗೆ ಅಡ್ಡ ಬರ್ಬೇಡಿ. ಬಂದ್ರೆ ನಿಮ್ಮನ್ನೂ ಇಸ್ತ್ರಿ ಮಾಡ್ಬಿಡ್ತೀನಿ."

ಅಂದಿನಿಂದ ಆತ ದಿನಾ ಬಂದು ಕೂತ. ಅವನ ಪ್ರಶ್ನೆಗಳಿಗೆ ಕೊನೆಯೆಂಬುದಿರಲಿಲ್ಲ. ಕಾದ ಇಸ್ತ್ರಿಯನ್ನು ಕೆನ್ನೆಯ ಹತ್ತಿರ ಹಿಡಿದು ನೋಡುವುದು ಯಾಕೆ, ಗಂಜಿಗೆ ಮೇಣ ಎಷ್ಟು, ನೀಲಿ ಹೆಚ್ಚಾದರೆ ಏನಾಗುತ್ತದೆ. ಒಮ್ಮೆ, ಸಂಜೆಯ ಹೊತ್ತಿಗೆ ಮೊದಲು ನೋಯುವುದು ಭುಜವೋ ಮೊಣಕೈಯೋ ಎಂದು ಕೇಳಿದ.

"ಪಾದ," ಎಂದಳು ಸಬೀನಾ.

ಕಿರ್ವಾನ್ ಪೆನ್ಸಿಲ್ ಕೆಳಗಿಟ್ಟ. ಇಷ್ಟು ವರ್ಷ ಬಡವರ ಬಗ್ಗೆ ಬರೆದರೂ ಪಾದದ ವಿಷಯ ತನಗೆ ಹೊಳೆದಿರಲಿಲ್ಲವಲ್ಲ ಎಂದುಕೊಂಡ. ಮರುದಿನ ಒಂದು ಚಿತ್ರದ ಅಚ್ಚುಪ್ರತಿ ತಂದು ತೋರಿಸಿದ. ಯಾರೋ ಹೆಸರಾಂತ ಚಿತ್ರಗಾರ ಬರೆದದ್ದಂತೆ. ಇಸ್ತ್ರಿ ಹಿಡಿದು ಮೇಜಿನ ಮುಂದೆ ನಿಂತ ಹೆಂಗಸು, ಕಿಟಕಿಯಿಂದ ಬೀಳುವ ಬೆಳಕು. ಲಂಡನ್ನಿನ ಜನ ಹೊಗಳಿದ್ದೇ ಹೊಗಳಿದ್ದಂತೆ. ಸಬೀನಾ ಕೈ ಒರೆಸಿಕೊಂಡು ಅಚ್ಚನ್ನು ಬೆಳಕಿಗೆ ಹಿಡಿದಳು.

"ಇವ್ಳು ಇಸ್ತ್ರಿ ಮಾಡ್ತಿಲ್ಲ ಸಾರ್. ಚಿತ್ರ ಬರೆಸ್ಕೊಳ್ತಿದಾಳೆ."

"ಹೇಗೆ ಹೇಳ್ತೀರಿ?"

"ಎರಡು ಕಾಲ್ಮೇಲೂ ಸಮನಾಗಿ ನಿಂತಿದಾಳೆ ನೋಡಿ. ಬೆಳಗಿಂದ ನಿಂತೋಳು ಒಂದ್ಕಾಲಿಗೆ ಭಾರ ಹಾಕಿ ಇನ್ನೊಂದಕ್ಕೆ ರಜಾ ಕೊಡ್ತಾಳೆ."

ಎರಡು ವಾರ ಕಳೆದು ಒಂದು ಭಾನುವಾರ ಲ್ಯೂಕ್ ಪತ್ರಿಕೆ ಓದುತ್ತಿದ್ದವನು ತಟ್ಟನೆ ನಿಲ್ಲಿಸಿ, "ಇದು ನಿನ್ನ ಮಾತಲ್ವಾ?" ಎಂದ. ಕಲೆಯ ಅಂಕಣದಲ್ಲಿ ಕಿರ್ವಾನ್ ಬರೆದಿದ್ದ: ಈಕೆ ಇಸ್ತ್ರಿ ಮಾಡುತ್ತಿಲ್ಲ, ಚಿತ್ರ ಬರೆಸಿಕೊಳ್ಳುತ್ತಿದ್ದಾಳೆ. ಕಾಲಿನ ರಜೆಯೂ ಅಲ್ಲಿತ್ತು. ಸಬೀನಾಳ ಹೆಸರು ಮಾತ್ರ ಇರಲಿಲ್ಲ.

ಅವಳು ಆ ವಾರ ಅವನ ಕಾಲರುಗಳಿಗೆ ಗಂಜಿಯನ್ನೇ ಹಾಕಲಿಲ್ಲ. ಸಿಕ್ಕಾಪಟ್ಟೆ ದೊಡ್ಡವರ ಮನೆಯ ಊಟವೊಂದಕ್ಕೆ ಹೋಗಿದ್ದ ಕಿರ್ವಾನನ ಕಾಲರ್ ಸೂಪ್ ಬರುವಷ್ಟರಲ್ಲಿ ಬಾಡಿದ ಎಲೆಯಂತೆ ಎದೆಯ ಮೇಲೆ ಬಿತ್ತಂತೆ. ಮರುದಿನ ಆತ ಬಂದು ಬಾಗಿಲಲ್ಲೇ ನಿಂತ. ಒಳ್ಳೆಯ ಮಾತು ಗಾಳಿಯ ಹಾಗೆ, ಅದಕ್ಕೆ ಒಡೆಯರಿಲ್ಲ ಎಂದು ಏನೋ ಸಮಜಾಯಿಷಿ ಹೇಳಿದ. ಗಂಜಿಗೆ ಒಡೆಯರಿದ್ದಾರೆ ಎಂದಳು ಸಬೀನಾ. ಆತ ನಕ್ಕು ತಪ್ಪೊಪ್ಪಿಕೊಂಡ. ಅವರಿಬ್ಬರ ಸ್ನೇಹ ಗಟ್ಟಿಯಾದದ್ದು ಆವತ್ತೇ ಎಂದು ಡಿಂಫ್ನಾ ಆಮೇಲೆ ಎಲ್ಲರಿಗೂ ಹೇಳುತ್ತಿದ್ದಳು.

ಆ ಸ್ನೇಹದ ಸಲುಗೆಯಲ್ಲೇ ಸಬೀನಾ ಯಾರಿಗೂ ಹೇಳದಿದ್ದುದನ್ನು ಅವನಿಗೆ ಹೇಳಿದಳು. ಅವಳೂ ಮೇಯೋದವಳೇ, ಕಿರ್ವಾನರ ದೊಡ್ಡಮನೆಯ ಎದುರು, ಸರೋವರದ ಆಚೆ ದಡದ ಒಕ್ಕಲಿನವಳು. ಅವಳೂ ತಂಗಿ ಓನಿಯೂ ಆ ದೊಡ್ಡಮನೆಯ ಬಟ್ಟೆಮನೆಯಲ್ಲೇ ಕೆಲಸ ಕಲಿತವರು. ಅಲ್ಲಿನ ಕುದುರೆಯಾಳೊಬ್ಬ ಓನಿಗೆ ಮದುವೆಯ ಮಾತು ಕೊಟ್ಟು, ಅವಳು ಬಸಿರಾದದ್ದು ಗೊತ್ತಾದ ವಾರವೇ ಸೈನ್ಯಕ್ಕೆ ಸೇರಿ ಮಾಯವಾದ. ಅಪ್ಪ ಹೊಸ್ತಿಲು ದಾಟಬೇಡ ಎಂದ. ಹತ್ತೊಂಬತ್ತರ ಓನಿ ಲಿವರ್‌ಪೂಲಿಗೆ ಹೋದಳೆಂದು ಯಾರೋ ಹೇಳಿದರು. ಅದಾಗಿ ಇಪ್ಪತ್ತೆರಡು ವರ್ಷ. ಒಂದು ಸುದ್ದಿಯಿಲ್ಲ. ಅಪ್ಪ ಬದುಕಿದ್ದಷ್ಟು ದಿನ ಆ ಮನೆಯಲ್ಲಿ ಅವಳ ಹೆಸರೆತ್ತುವಂತಿರಲಿಲ್ಲ. ಸಬೀನಾಳ ಮನಸ್ಸಿನಲ್ಲಿ ಮಾತ್ರ ಓನಿ ಎಲ್ಲೋ ಇದ್ದಾಳೆ, ಯಾರ ಅಂಗಿಯನ್ನೋ ಮಡಚುತ್ತಿದ್ದಾಳೆ.

ಕಿರ್ವಾನ್ ಏನನ್ನೂ ಬರೆದುಕೊಳ್ಳದೆ ಕೇಳಿದ. ಆ ಕಾಲಕ್ಕೆ ತಾನು ಪ್ಯಾರಿಸ್ಸಿನಲ್ಲಿದ್ದೆನೆಂದ. ಓನಿಯ ನೆನಪು ಅವನಿಗೆ ಇರಲಿಲ್ಲ. ಕುದುರೆಯಾಳಿನ ನೆನಪೂ ಇರಲಿಲ್ಲ. ಆತ ನೋಡಿಕೊಳ್ಳುತ್ತಿದ್ದ ಕಂದು ಕುದುರೆಯ ಹೆಸರು ಮಾತ್ರ ನೆನಪಿತ್ತು. ಅದನ್ನು ಹೇಳಿದ ಮೇಲೆ ಅವನಿಗೇ ನಾಚಿಕೆಯಾಗಿ, ಟೋಪಿ ಎತ್ತಿಕೊಂಡು ಹೊರಟುಹೋದ.

ಮುಂದಿನ ವರ್ಷದ ವಸಂತದಲ್ಲಿ ಕಾದಂಬರಿ ಹೊರಬಂತು. ಬಾಡಿಗೆಗೆ ಪುಸ್ತಕ ಕೊಡುವ ದೊಡ್ಡ ಗ್ರಂಥಾಲಯವೊಂದು ಅದನ್ನು ಮುಟ್ಟುವುದಿಲ್ಲ ಎಂದಿತು. ಪಾದ್ರಿಯೊಬ್ಬರು ವೇದಿಕೆಯಿಂದ ಅದನ್ನು ಬೈದ ವಾರ ನದಿಯ ದಂಡೆಯ ಪುಸ್ತಕದಂಗಡಿಯಲ್ಲಿ ಒಂದು ಪ್ರತಿಯೂ ಉಳಿಯಲಿಲ್ಲ. ಕಿರ್ವಾನ್ ಸಬೀನಾಗೆಂದು ಒಂದನ್ನು ಕಳಿಸಿದ್ದ. ಲ್ಯೂಕ್ ಅದಕ್ಕೆ ಪತ್ರಿಕೆಯ ಹೊದಿಕೆ ಹಾಕಿ, ಭಾನುವಾರಕ್ಕೆ ಎರಡು ಅಧ್ಯಾಯದಂತೆ ಓದತೊಡಗಿದ.

ಕಥೆಯ ಹೆಂಗಸಿನ ಹೆಸರು ನೆಲ್. ಅವಳ ಇಸ್ತ್ರಿ, ಗಂಜಿ, ಕೆನ್ನೆಯ ಹತ್ತಿರದ ಬಿಸಿ, ನೋಯುವ ಪಾದ ಎಲ್ಲವೂ ಕೂದಲೆಳೆಯಷ್ಟೂ ತಪ್ಪಿಲ್ಲದೆ ಇದ್ದವು. ಡಿಂಫ್ನಾ ಕೂಡ ಬಂದು ಕೂತು ಕೇಳಿ, ತನ್ನ ಗೊರಕೆಯನ್ನು ಮಾತ್ರ ಇವನು ಹೇಗೆ ಕಂಡುಹಿಡಿದ ಎಂದು ತಲೆ ಕೆಡಿಸಿಕೊಂಡಳು. ಸಬೀನಾ ಹೆಮ್ಮೆಯಿಂದ ಕೇಳುತ್ತಿದ್ದಳು. ಐದನೆಯ ಭಾನುವಾರ ನೆಲ್ ಬಸಿರಾಗಿ ಲಿವರ್‌ಪೂಲಿನ ಹಡಗು ಹತ್ತಿದಳು. ಏಳನೆಯ ಭಾನುವಾರ ಗತಿಯಿಲ್ಲದವರ ಸರಕಾರಿ ಆಶ್ರಯಮನೆಯ ವಾರ್ಡಿನಲ್ಲಿ ಮಗು ಸತ್ತಿತು. ನಾಲ್ಕು ಪುಟ ಕಳೆಯುವಷ್ಟರಲ್ಲಿ ನೆಲ್ಲೂ ಸತ್ತಳು. ಆಸ್ಪತ್ರೆಯ ಹೊದಿಕೆಯ ಬಣ್ಣ, ಬಕೆಟ್ಟಿನ ಸದ್ದು, ನರ್ಸ್ ಕಚ್ಚುತ್ತಿದ್ದ ಸೇಬು ಎಲ್ಲವೂ ಅಲ್ಲಿತ್ತು. ಲ್ಯೂಕ್ ಪುಸ್ತಕ ಮುಚ್ಚಿದ. ಸಬೀನಾ ಅಳಲಿಲ್ಲ. ಎದ್ದು ಶಾಲು ಹೊದ್ದು, ಬೀದಿ ದಾಟಿ ಕಿರ್ವಾನನ ಮನೆಯ ಮುಂಬಾಗಿಲು ತಟ್ಟಿದಳು. ಅವಳಂಥವರು ಹಿಂಬಾಗಿಲಿಗೆ ಹೋಗುವುದು ರೂಢಿ.

ಆತ ಗೋಡೆಯ ಮೇಲೆ ಯಾವುದೋ ಚಿತ್ರದ ಓರೆಯನ್ನು ಸರಿಮಾಡುತ್ತ ನಿಂತಿದ್ದ.

"ನನ್ನ ತಂಗೀನ ಸಾಯಿಸ್ಬಿಟ್ರಲ್ಲ," ಎಂದಳು ಸಬೀನಾ.

ಅದು ಓನಿಯಲ್ಲ, ನೆಲ್ ಎಂದು ಆತ ವಿವರಿಸಲು ನೋಡಿದ. ಅಂಥ ಸ್ಥಿತಿಯಲ್ಲಿ, ಅಂಥ ಊರಿನಲ್ಲಿ, ಕಾಸಿಲ್ಲದ ಹುಡುಗಿಗೆ ಆಗುವುದೇ ಅದು. ಅಲ್ಲಿ ಸತ್ತವರ ಲೆಕ್ಕಪಟ್ಟಿಗಳನ್ನು ತರಿಸಿ ನೋಡಿದ್ದೇನೆ. ಕರುಣೆಯಿಂದ ಕಥೆಯನ್ನು ತಿದ್ದುವುದು ಸುಳ್ಳು ಬರೆದಂತೆ ಎಂದ.

"ಕಣ್ಣಾರೆ ಕಂಡಿದ್ದನ್ನ ಮಾತ್ರ ಬರೀತೀನಿ ಅಂತ ನೀವೇ ಹೇಳಿದ್ದು. ಕಂಡ್ರಾ?"

ಕಿರ್ವಾನ್ ಮತ್ತೆ ಚಿತ್ರದ ಚೌಕಟ್ಟಿನತ್ತ ಕೈ ಚಾಚಿದ.

"ನನ್ನ ಪಾದ ಕಂಡ್ರಿ, ಬರೆದ್ರಿ. ಸರಿಯಾಗಿತ್ತು. ಅವ್ಳು ಸತ್ತಿದ್ದನ್ನ ಯಾರು ಕಂಡ್ರು? ನಾನು ಹೋಗಿ ನೋಡ್ಕೊಂಡು ಬರ್ತೀನಿ. ಆಮೇಲೆ ಹೇಳ್ತೀನಿ ಯಾರು ಸುಳ್ಳು ಬರೆದೋರು ಅಂತ."

ಇಪ್ಪತ್ತಮೂರು ವರ್ಷ ಹೋಗದಿದ್ದವಳು ಆ ವಾರವೇ ಹೊರಟಳು. ಇಷ್ಟು ದಿನ ಯಾಕೆ ಹೋಗಲಿಲ್ಲ ಎಂದು ಲ್ಯೂಕ್ ಕೇಳಿದ್ದಕ್ಕೆ, ಹೋದರೆ ಗೊತ್ತಾಗಿಬಿಡುತ್ತಿತ್ತಲ್ಲ ಎಂದಳು. ಲ್ಯೂಕ್ ಜೊತೆಗೆ ಬರುತ್ತೇನೆಂದ, ಅವಳು ಒಪ್ಪಲಿಲ್ಲ. ಸೋಡಾ ರೊಟ್ಟಿ, ತಣ್ಣಗಿನ ಹಂದಿಮಾಂಸ ಕಟ್ಟಿಕೊಟ್ಟು ಹಡಗಿನವರೆಗೆ ಬಂದು ಕೈ ಬೀಸಿ ಹೋದ.

ಲಿವರ್‌ಪೂಲಿನಲ್ಲಿ ಮೊದಲ ಎರಡು ದಿನ ಚರ್ಚಿನ ಪುಸ್ತಕಗಳನ್ನು ತೆಗೆಸಿ ಹುಡುಕಿಸಿದಳು. ರುವೇನರು ಇದ್ದರು, ಓನಿ ಇರಲಿಲ್ಲ. ಆಶ್ರಯಮನೆಯ ಗುಮಾಸ್ತ ಇಪ್ಪತ್ತಮೂರು ವರ್ಷದ ಹಿಂದಿನದು ಎಂದ ಕೂಡಲೇ ಕಿಟಕಿ ಹಾಕಿದ. ಮೂರನೆಯ ದಿನ ದಾರಿಯಲ್ಲಿ ಸೋಪಿನ ವಾಸನೆ ಬಂತು. ಅದರ ಜಾಡು ಹಿಡಿದು ಹೋದರೆ, ಊರ ಬಡ ಹೆಂಗಸರೆಲ್ಲ ಸೇರಿ ಬಟ್ಟೆ ಒಗೆಯುವ ದೊಡ್ಡ ಒಗೆಮನೆ. ಒಳಗೆ ಹಬೆ, ಗದ್ದಲ, ಅರ್ಧಕ್ಕರ್ಧ ಐರ್ಲೆಂಡಿನ ದನಿಗಳು. ಅಲ್ಲಿ ಬಂದು ನಿಂತ ಮೇಲೆ ಅವಳಿಗೆ ಸುಮ್ಮನೆ ನಿಲ್ಲಲು ಆಗಲಿಲ್ಲ. ಒಬ್ಬ ಮುದುಕಿ ಒಣಗಿದ ಅಂಗಿಗಳ ರಾಶಿಯೊಂದಿಗೆ ಒದ್ದಾಡುತ್ತಿದ್ದಳು. ಸಬೀನಾ ತೋಳು ಮೇಲೇರಿಸಿಕೊಂಡು ಅವನ್ನು ಮಡಚತೊಡಗಿದಳು, ಮಡಚುತ್ತ ತಂಗಿಯ ಹೆಸರು ವಿಚಾರಿಸಿದಳು.

ಮುದುಕಿಗೆ ಆ ಹೆಸರು ಗೊತ್ತಿರಲಿಲ್ಲ. ಅವಳು ನೋಡುತ್ತಿದ್ದದ್ದು ಸಬೀನಾಳ ಕೈಗಳನ್ನು. ಸಬೀನಾ ಅಂಗಿಯ ತೋಳುಗಳನ್ನು ಹಿಂದಕ್ಕೆ ಒಯ್ದು ಒಂದರೊಳಗೊಂದು ಸಿಕ್ಕಿಸಿ, ಕೆಳಗಿನ ಅಂಚನ್ನು ಎಡಕ್ಕೆ ತಿರುಗಿಸಿ ಮಡಚುತ್ತಿದ್ದಳು. ದೊಡ್ಡಮನೆಯ ಬಟ್ಟೆಮನೆಯಲ್ಲಿ ಕಲಿಸಿದ ರೀತಿ ಅದು. ಬೇರೆ ಯಾರೂ ಹಾಗೆ ಮಡಚುವುದಿಲ್ಲ.

"ಹೀಗೆ ಎಡಕ್ಕೆ ತಿರುಗ್ಸೋಳು ನದಿ ಆಚೆ ಒಬ್ಳಿದಾಳೆ," ಎಂದಳು ಮುದುಕಿ. "ಹಡಗಿನ ಹಾಯಿ ಹೊಲಿಯೋ ಕುಂಟನ ಹೆಂಡ್ತಿ. ಬಾಯಿ ಜೋರು."

ಸಬೀನಾ ದೋಣಿ ಹತ್ತಿ ನದಿಯಾಚೆಯ ಬರ್ಕನ್‌ಹೆಡ್ಡಿಗೆ ಹೋದಳು. ಮುದುಕಿ ಹೇಳಿದ ಬೀದಿಯಲ್ಲಿ ಹಸಿರು ಬಾಗಿಲು ತಟ್ಟಿದಳು. ಬಾಗಿಲು ತೆಗೆದವಳು ಗುಂಡಗಿನ ಹೆಂಗಸು, ಮೊಣಕೈವರೆಗೆ ಹಿಟ್ಟು. ಓನಿಯೇ ಮೊದಲು ಮಾತಾಡಿದಳು.

"ಅಪ್ಪ ಹೋದ್ನಾ?"

"ಹನ್ನೊಂದು ವರ್ಷ ಆಯ್ತು."

"ಹಾಗಾದ್ರೆ ಒಳಗ್ ಬಾ."

ಒಳಗೆ ಹೋದ ಮೇಲೆ ಓನಿ ಹಿಟ್ಟಿನ ಕೈಯಲ್ಲೇ ಅಕ್ಕನನ್ನು ಅಪ್ಪಿಕೊಂಡಳು, ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಓನಿ ಒಂದೊಂದಾಗಿ ಹೇಳಿದಳು. ಮಗು ಗಂಡು, ಎರಡು ವರ್ಷ ಬದುಕಿತು, ದಡಾರ ಬಂದು ಹೋಯಿತು. ಆಮೇಲಿನ ಒಂದು ವರ್ಷದ ಬಗ್ಗೆ ಅವಳು ಏನೂ ಹೇಳಲಿಲ್ಲ, ಸಬೀನಾ ಕೇಳಲೂ ಇಲ್ಲ. ಒಮ್ಮೆ ಊರಿಗೆ ಕಾಗದ ಬರೆಸಿದ್ದಳಂತೆ. ಅಪ್ಪ ಅದನ್ನು ಒಡೆಯದೆಯೇ ವಾಪಸು ಕಳಿಸಿದ್ದನಂತೆ. ಆಮೇಲೆ ಯೆನ್ಸ್ ಸಿಕ್ಕಿದ. ನಾರ್ವೆ ದೇಶದವನು, ಹಡಗಿನಿಂದ ಬಿದ್ದು ಕಾಲು ಮುರಿದುಕೊಂಡು ದಡ ಸೇರಿದವನು. ವರ್ಷಕ್ಕೆ ಇಪ್ಪತ್ತು ಮಾತಾಡಿದರೆ ಹೆಚ್ಚು, ಅದರಲ್ಲಿ ಹದಿನೈದು ಬೆಕ್ಕುಗಳ ಜೊತೆ. ಬೇರೆ ಮಕ್ಕಳಾಗಲಿಲ್ಲ. ಬೆಕ್ಕು ಮೂರು. ಓನಿಗೆ ಅದೇ ಸಾಕಾಗಿತ್ತು.

ಮರುದಿನ ಬೆಳಿಗ್ಗೆಯೇ ಅಕ್ಕತಂಗಿಯರು ಬಟ್ಟೆಯ ಗಂಜಿಗೆ ಉಪ್ಪು ಹಾಕಬೇಕೋ ಬೇಡವೋ ಎಂದು ಜಗಳವಾಡಿದರು. ಯೆನ್ಸ್ ಬೆಕ್ಕನ್ನೆತ್ತಿಕೊಂಡು ಹೊರಗೆ ಹೋದ.

ಸಬೀನಾ ಡಬ್ಲಿನ್ನಿಗೆ ಮರಳಿದ ದಿನವೇ ಕಿರ್ವಾನ್ ಅಂಗಡಿಗೆ ಬಂದ. ಅವಳು ಎಲ್ಲವನ್ನೂ ಹೇಳಿದಳು. ಮಗು ಸತ್ತದ್ದನ್ನು ಕೇಳಿದ ಕೂಡಲೇ ಅವನ ಬಾಯಿಂದ, "ಹಾಗಾದ್ರೆ ಅರ್ಧ ಸರಿ ಬರೆದಿದ್ದೆ," ಎಂದು ಬಂದುಬಿಟ್ಟಿತು. ಡಿಂಫ್ನಾ ಇಸ್ತ್ರಿಯನ್ನು ಒಲೆಯ ಮೇಲೆ ಕುಕ್ಕಿದಳು. ಕಿರ್ವಾನನ ಗುಲಾಬಿ ಮುಖ ಬೆಳ್ಳಗಾಯಿತು. ಆತ ಕುರ್ಚಿಯಿಂದ ಎದ್ದು ನಿಂತು, ಸಬೀನಾಗೆ ಅಂದದ್ದಿಷ್ಟು: "ಮಿಸ್ ರುವೇನ್, ನಾನು ಒಳ್ಳೆ ಮನುಷ್ಯ ಅಲ್ಲ. ನೋಡೋದನ್ನ ಕಲ್ತಿದೀನಿ ಅಷ್ಟೆ. ಅದೂ ಪೂರ್ತಿ ಕಲ್ತಿಲ್ಲ."

"ಕೂತ್ಕೊಳ್ಳಿ," ಎಂದಳು ಸಬೀನಾ. "ಚಹಾ ಇದೆ."

ಆತ ಚಹಾ ಕುಡಿದು, ಹಾಯಿ ಹೊಲಿಯುವ ಸೂಜಿ ಎಷ್ಟುದ್ದ, ಬೆಕ್ಕುಗಳ ಬಣ್ಣ ಏನು, ಗಂಡ ಯಾವ ಕಾಲು ಕುಂಟುತ್ತಾನೆ ಎಂದೆಲ್ಲ ಕೇಳಿಕೊಂಡು ಹೋದ. ಎರಡನೆಯ ಮುದ್ರಣದಲ್ಲಿ ಕೊನೆಯ ಎರಡು ಅಧ್ಯಾಯಗಳನ್ನು ಕಿತ್ತು ಹೊಸದಾಗಿ ಬರೆದ. ನೆಲ್ ಬದುಕಿದಳು, ಕುಂಟನನ್ನು ಮದುವೆಯಾದಳು. ವಿಮರ್ಶಕರು ಮುಗಿಬಿದ್ದರು. ಇಷ್ಟು ನಿಜವಾದ ಪುಸ್ತಕಕ್ಕೆ ಇಂಥ ನಂಬಲಾಗದ ಮುಕ್ತಾಯವೇ, ಕುಂಟ ನಾವಿಕನಂತೆ, ಮೂರು ಬೆಕ್ಕಂತೆ, ಕಿರ್ವಾನನಿಗೆ ವಯಸ್ಸಾಯಿತು ಎಂದು ಬರೆದರು. ಆತ ಆ ಪತ್ರಿಕೆಗಳನ್ನೆಲ್ಲ ತಂದು ಇಸ್ತ್ರಿ ಮೇಜಿನ ಮೇಲೆ ಹರಡಿ ಪೆಚ್ಚುಮೋರೆ ಹಾಕಿಕೊಂಡು ಕೂತ. ನಡೆದದ್ದನ್ನು ಬರೆದರೆ ನಂಬುವುದಿಲ್ಲ, ನಡೆಯದ್ದನ್ನು ಬರೆದರೆ ಹೊಗಳುತ್ತಾರೆ ಎಂದು ಗೊಣಗಿದ. ಸಬೀನಾ ಅವತ್ತು ಅವನ ಕಾಲರುಗಳಿಗೆ ಎರಡು ಸಲ ಗಂಜಿ ಹಾಕಿದಳು. ಅವಳಿಗೆ ಗೊತ್ತಿದ್ದ ಸಮಾಧಾನ ಅದೇ.

ಮುಂದಿನ ವರ್ಷ ಅವಳು ಲ್ಯೂಕನನ್ನು ಮದುವೆಯಾದಳು. ಪ್ರತಿ ಭಾನುವಾರ ಬಂದು ಹೋಗಿ ಸಾಕಾಗಿ ಇಲ್ಲೇ ಉಳಿದುಬಿಟ್ಟ ಎಂದಳು ಡಿಂಫ್ನಾ. ಓನಿ ಮದುವೆಗೆ ಬಂದಳು; ಇಪ್ಪತ್ತನಾಲ್ಕು ವರ್ಷದ ಮೇಲೆ ಐರ್ಲೆಂಡಿನ ನೆಲ ಮೆಟ್ಟಿದಳು. ಮೇಯೋಗೆ ಹೋಗಿ ಅಪ್ಪನ ಗೋರಿ ನೋಡೋಣವೇ ಎಂದು ಸಬೀನಾ ಕೇಳಿದಾಗ ಬೇಡವೆಂದಳು. ಕಿರ್ವಾನ್ ಓನಿಯ ಪಕ್ಕದಲ್ಲೇ ಊಟಕ್ಕೆ ಕೂತಿದ್ದ. ಓನಿ ಅವನ ತಟ್ಟೆಗೆ ಮತ್ತೆ ಮತ್ತೆ ಆಲೂಗಡ್ಡೆ ಬಡಿಸುತ್ತ, "ತಿನ್ನಿ ಸಾರ್, ನನ್ನ ಸಾಯಿಸಿ ನೀವೇ ಸೊರಗಿದೀರಿ," ಎಂದಳು.

ಕೆಲವು ವರ್ಷಗಳಲ್ಲಿ ಕಿರ್ವಾನ್ ಡಬ್ಲಿನ್ನಿನ ಎಲ್ಲರೊಡನೆಯೂ ಜಗಳವಾಡಿ ಮುಗಿಸಿ ಲಂಡನ್ನಿಗೆ ಹೋದ. ಬರೆದದ್ದನ್ನು ಬರೆದಂತೆ ಬಿಡುವುದು ಅವನ ಜಾಯಮಾನವಲ್ಲ. ಪ್ರತಿ ಪುಸ್ತಕವನ್ನೂ ಮತ್ತೆ ಮತ್ತೆ ಬಿಚ್ಚಿ ಹೊಲಿಯುತ್ತಿದ್ದ. ಇಸ್ತ್ರಿಯವಳ ಕಾದಂಬರಿಯ ಮೂರನೆಯ ಮುದ್ರಣದ ಪ್ರತಿಯ ಜೊತೆ ಒಂದು ಚೀಟಿ ಬಂತು: ಕ್ಷಮಿಸಬೇಕು, ಕಲೆಯ ದೃಷ್ಟಿಯಿಂದ ನೆಲ್ ಸಾಯಲೇಬೇಕಾಗಿದೆ, ಈ ಸಲ ಬಹಳ ಚೆನ್ನಾಗಿ ಸಾಯುತ್ತಾಳೆ.

ಲ್ಯೂಕ್ ಅದನ್ನು ಬಚ್ಚಿಡೋಣ ಎಂದ. ಸಬೀನಾ ಒಪ್ಪದೆ ಬೇಸಿಗೆಯಲ್ಲಿ ಇಬ್ಬರೂ ಬರ್ಕನ್‌ಹೆಡ್ಡಿಗೆ ಹೋಗುವಾಗ ಚೀಲದಲ್ಲಿ ಹಾಕಿಕೊಂಡಳು. ಓನಿಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೆ ಲ್ಯೂಕ್ ಕನ್ನಡಕ ಹಾಕಿಕೊಂಡು ಆ ಅಧ್ಯಾಯ ಓದಿದ. ಈ ಸಲ ಆಶ್ರಯಮನೆಯಿರಲಿಲ್ಲ. ನೆಲ್ ಸ್ವಂತ ಹಾಸಿಗೆಯಲ್ಲಿ, ಸಮುದ್ರ ಕಾಣುವ ಕಿಟಕಿಯ ಪಕ್ಕದಲ್ಲಿ ಸತ್ತಳು. ಆರು ಜನ ಹೊತ್ತರು. ನಾಲ್ಕು ಮೇಣದಬತ್ತಿ ಉರಿದವು. ಓನಿ ಗಲ್ಲದ ಮೇಲೆ ಕೈಯಿಟ್ಟುಕೊಂಡು ಕೇಳಿದಳು. ಯೆನ್ಸ್ ಮೂಗು ಒರೆಸಿಕೊಂಡ.

"ಚೆನ್ನಾಗ್ ಬರ್ದಿದಾನೆ," ಎಂದಳು ಓನಿ. "ಮೇಣದಬತ್ತಿ ಜಾಗ ಇನ್ನೊಂದ್ಸಲ ಓದು ಲ್ಯೂಕ್, ಸ್ವಲ್ಪ ನಿಧಾನಕ್ಕೆ."

ಕಿರ್ವಾನನಿಗೆ ಮದುವೆಯಾಗಿದೆಯೇ, ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದೂ ವಿಚಾರಿಸಿದಳು. ಯಾರೂ ಇಲ್ಲ, ಅಡುಗೆಯವರೂ ನಿಲ್ಲುವುದಿಲ್ಲ ಎಂದಳು ಸಬೀನಾ. ಪಾಪ ಎಂದುಕೊಂಡು ಓನಿ ಆ ಚಳಿಗಾಲಕ್ಕೆ ಅವನಿಗೊಂದು ಕತ್ತಿನ ಉಣ್ಣೆಪಟ್ಟಿ ಹೆಣೆದು ಕಳಿಸಿದಳು, ಹಸಿರು ಮತ್ತು ನೇರಳೆ ಪಟ್ಟೆಯದು. ಲಂಡನ್ನಿನಿಂದ ನಾಲ್ಕು ಪುಟದ ಕಾಗದ ಬಂತು. ಅದರಲ್ಲಿ ಕಾಲು ಪುಟ ವಂದನೆ, ಉಳಿದದ್ದೆಲ್ಲ ಆ ಎರಡು ಬಣ್ಣಗಳನ್ನು ಪಕ್ಕಪಕ್ಕದಲ್ಲಿಡುವುದು ಎಂಥ ಅಪರಾಧ, ಯಾವ ದೊಡ್ಡ ಚಿತ್ರಗಾರನೂ ಅದಕ್ಕೆ ಯಾಕೆ ಕೈಹಾಕುವುದಿಲ್ಲ ಎಂಬ ವಿಮರ್ಶೆ. ಕೊನೆಯಲ್ಲಿ, ಕೆಮ್ಮು ಕಡಿಮೆಯಾಗಿದೆ, ದಿನವೂ ಸುತ್ತಿಕೊಳ್ಳುತ್ತಿದ್ದೇನೆ ಎಂದಿತ್ತು.

ಓನಿಯ ಹೆಣಿಗೆಯ ಬಗ್ಗೆ ಇಷ್ಟುದ್ದ ಬರೆದವರು ಯಾರೂ ಇರಲಿಲ್ಲ. ಓನಿ ಆ ಕಾಗದಕ್ಕೆ ಗಾಜು ಹಾಕಿಸಿ ಗಡಿಯಾರದ ಕೆಳಗೆ ತೂಗುಹಾಕಿದಳು. ಓದಲು ಬರದಿದ್ದರೂ ದಿನಾ ಅದರ ಧೂಳು ಒರೆಸುತ್ತಿದ್ದಳು.